ಹೋಳಿ ಮುಗಿದ ಮೇಲೆ ಹೇಳಿದ ಮಾತು

ನಮ್ಮ ಓಣಿಯ ಗಂಡಸರಿಗೆ ಧೈರ್ಯ ಬಹಳ. ಏಳು ಸಮುದ್ರದ ಆಚೆ ಇರುವ ಯಾರ ಮೇಲೆ ಬೇಕಾದರೂ ಸಿಟ್ಟಾಗುತ್ತಾರೆ. ಬೈಲಹೊಂಗಲದ ಬಜಾರಿನಿಂದ ಒಳಗೆ ತಿರುಗಿದರೆ ನಮ್ಮ ಓಣಿ. ಓಣಿಯ ಬಾಯಿಗೆ ಒಂದು ಚಹಾದಂಗಡಿ, ಅಂಗಡಿಯ ಗೋಡೆಗೆ ಒಂದು ಟೀವಿ. ಆ ಟೀವಿಯ ಮುಂದೆ ಕುಳಿತು ಇವರು ಎಷ್ಟೋ ಸರಕಾರ ಕೆಡವಿದ್ದಾರೆ, ಎಷ್ಟೋ ಯುದ್ಧ ನಿಲ್ಲಿಸಿದ್ದಾರೆ. ಮನೆಯ ನಲ್ಲಿ ಕೆಟ್ಟು ತಿಂಗಳಾಗಿರುತ್ತದೆ, ಅದು ಬೇರೆ ಮಾತು.

ನಾನು ರೊಟ್ಟಿ ಬಡಿದು ಮಾರುವವಳು. ನೇಸರಗಿಯ ಕಡೆಯ ಬಿಳಿಜೋಳ, ಖಡಕ್ ರೊಟ್ಟಿ. ಊರೊಳಗಿನ ಖಾನಾವಳಿಗಳಿಗೆ, ಕಿತ್ತೂರಿನ ಹತ್ತಿರ ಹೆದ್ದಾರಿಯ ಮೇಲಿನ ಒಂದು ಹೋಟೆಲಿಗೆ, ಸವದತ್ತಿಯ ಒಂದು ವಸತಿನಿಲಯಕ್ಕೆ ನಮ್ಮ ರೊಟ್ಟಿ ಹೋಗುತ್ತದೆ. ನಮ್ಮ ಎಂದರೆ ನನ್ನದು ಮತ್ತು ನನ್ನ ಗೆಳತಿಯದು. ಅವಳು ರಾಮದುರ್ಗದವಳು, ನೇಕಾರರ ಮನೆಯ ಮಗಳು, ನಮ್ಮ ಓಣಿಯ ಲಾರಿ ಚಾಲಕನೊಬ್ಬನನ್ನು ಮದುವೆಯಾಗಿ ಬಂದವಳು. ಗಂಡ ತೀರಿಕೊಂಡ ಮೇಲೆ ಅವಳ ಅಣ್ಣಂದಿರು ವಾಪಸ್ ಬಾ ಎಂದು ಕರೆಯುತ್ತಲೇ ಇದ್ದಾರೆ. ಅವಳು ಹೋಗಿಲ್ಲ. ಮಗಳು ಇಲ್ಲಿ ಹತ್ತನೆಯ ತರಗತಿ ಓದುತ್ತಿದ್ದಾಳೆ. ಅಣ್ಣಂದಿರ ಮನೆಯಲ್ಲಿ ಅನ್ನಕ್ಕೆ ಕೊರತೆಯಿಲ್ಲ, ಆದರೆ ಹುಡುಗಿಯ ಓದು ಅಲ್ಲಿಗೇ ಮುಗಿಯುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತು. ರೊಟ್ಟಿ ಇರುವ ತನಕ ಅವಳು ಇಲ್ಲಿ, ಇಷ್ಟೇ ಲೆಕ್ಕ.

ಓಣಿಯ ನಡುವೆ ಒಂದು ಸಮುದಾಯ ಭವನ ಇದೆ. ಸರಕಾರದ ದುಡ್ಡಿನಲ್ಲಿ ಕಟ್ಟಿದ್ದು. ಅದರ ಹಿಂದಿನ ಕೋಣೆಯಲ್ಲಿ ನಾವಿಬ್ಬರೂ ವರ್ಷಗಟ್ಟಲೆ ರೊಟ್ಟಿ ಬಡಿದಿದ್ದೇವೆ. ಹಿಟ್ಟು ಬಿಸಿನೀರಿನಲ್ಲಿ ಕಲಸಿ, ಕಟ್ಟಿಗೆಯ ಅಗಲ ಕೊಣಮಿಗೆಯಲ್ಲಿ ನಾದಿ, ತಾಳಕ್ಕೆ ಬಡಿದು, ಸುಟ್ಟು, ಗೋಡೆಗುಂಟ ಒಣಗಲು ಇಟ್ಟರೆ ಸಂಜೆಗೆ ಕೋಣೆಯೆಲ್ಲ ಜೋಳದ ವಾಸನೆ. ದೀಪಾವಳಿಯ ಹೊತ್ತಿಗೆ ಓಣಿಯ ಸಾವುಕಾರರು ಬಂದು, ಎರಡು ದಿನ ಗೊಬ್ಬರದ ಚೀಲ ಇಡುತ್ತೇನೆ ಎಂದರು. ಇಟ್ಟರು. ತಮ್ಮ ಕೀಲಿ ಹಾಕಿದರು. ಶಿವರಾತ್ರಿ ಹೋಯಿತು, ಕೀಲಿ ತೆಗೆಯಲಿಲ್ಲ. ಅಷ್ಟೂ ದಿನ ನಾವು ನಮ್ಮ ಮನೆಯ ಹಿತ್ತಲಲ್ಲಿ ಒಂದು ತಗಡಿನ ಕೆಳಗೆ ಒಲೆ ಹೂಡಿದ್ದೆವು. ಗಾಳಿ ಬಂದರೆ ಉರಿ ಆಚೆ, ಹಂಚು ಈಚೆ. ಧೂಳು ಬಿದ್ದ ರೊಟ್ಟಿಯನ್ನು ವಸತಿನಿಲಯದವರು ಒಮ್ಮೆ ವಾಪಸ್ ಕಳಿಸಿದರು.

"ಬ್ಯಾಸಗಿ ಅಡ್ಡಮಳಿ ಬಂದ್ರ ಏನ್ ಮಾಡೂದವ್ವಾ?" ಎಂದು ಗೆಳತಿ ಕೇಳಿದಳು. "ರಮ್ಜಾನ್ ಮುಗೀಲಿ, ಮಗಳ ಪರೀಕ್ಷೆ ಮುಗೀಲಿ. ಆಮ್ಯಾಲ ನಾ ರಾಮದುರ್ಗಕ್ಕ ಹೊಂಡತೇನಿ."

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ನಾನು ಸಾವುಕಾರರ ಮನೆಗೆ ಹೋಗಿ ಕೇಳಿದೆ. ಎರಡು ದಿನ ತಡಿ ಎಂದರು. ಅವರ ಎರಡು ದಿನ ಯಾವ ಪಂಚಾಂಗದ್ದೋ ದೇವರಿಗೇ ಗೊತ್ತು. ಆಮೇಲೆ ಓಣಿಯ ಗಂಡಸರಿಗೆ ಹೇಳಿದೆ: ನಾಲ್ಕು ಮಂದಿ ಕೂಡಿ ಹೋಗಿ ಒಂದು ಮಾತು ಹೇಳಿರಿ, ಭವನ ಎಲ್ಲರದು ಅಲ್ಲವೇ ಎಂದೆ. "ಹೇಳೂಣು, ಹೇಳೂಣು" ಎಂದರು. ಒಬ್ಬನ ಮಗಳ ಮದುವೆಗೆ ಸಾವುಕಾರರು ಟ್ರ್ಯಾಕ್ಟರ್ ಕೊಟ್ಟಿದ್ದರಂತೆ. ಇನ್ನೊಬ್ಬನಿಗೆ ನಾಳೆ ಅವರ ಹತ್ತಿರ ಕೆಲಸ ಬೀಳಬಹುದಂತೆ. ಬೆಕ್ಕಿಗೆ ಗಂಟೆ ಕಟ್ಟುವುದಿರಲಿ, ಬೆಕ್ಕಿನ ಹೆಸರೆತ್ತಲೂ ಯಾರೂ ತಯಾರಿರಲಿಲ್ಲ.

ಅದೇ ದಿನಗಳಲ್ಲಿ ಟೀವಿಯಲ್ಲಿ ಒಂದೇ ಸುದ್ದಿ. ಜಗತ್ತಿಗೇ ದೊಡ್ಡಣ್ಣನಾದ ದೇಶದ ಅಧ್ಯಕ್ಷ ಒಬ್ಬೊಬ್ಬರನ್ನೇ ಗದರಿಸುತ್ತಿದ್ದ. ಇವರ ಮಾಲಿಗೆ ಸುಂಕ, ಅವರಿಗೆ ಧಮಕಿ, ಮತ್ತೊಂದು ಸಣ್ಣ ದೇಶದ ನೆಲದ ಮೇಲೆಯೇ ಕಣ್ಣು. ನಾನು ಚಹಾದಂಗಡಿಗೆ ರೊಟ್ಟಿ ಕೊಡಲು ಹೋದಾಗ ಆ ಸಣ್ಣ ದೇಶದ ಪ್ರಧಾನಿ ಯಾವುದೋ ದೊಡ್ಡ ಸಭೆಯಲ್ಲಿ ಎದ್ದು ನಿಂತಿದ್ದಳು. ದೇಶದ ಹೆಸರು ನನ್ನ ನಾಲಿಗೆಗೆ ಹತ್ತಲಿಲ್ಲ. ನಡುವಯಸ್ಸಿನ ಹೆಂಗಸು, ಕತ್ತರಿಸಿದ ಕೂದಲು. ಆ ಅಧ್ಯಕ್ಷ ಎದುರಿಗೇ ಕುಳಿತಿದ್ದ. ದೊಡ್ಡವರಾದ ಮಾತ್ರಕ್ಕೆ ಕಂಡವರ ನೆಲ ನಿಮ್ಮದಾಗುವುದಿಲ್ಲ ಎಂಬ ಅರ್ಥದ ಮಾತನ್ನು ಅವಳು ಹೇಳಿದಳು ಎಂದು ಕೆಳಗೆ ಕನ್ನಡದ ಅಕ್ಷರ ಓಡಿತು.

ಅವಳ ದನಿ ಗಟ್ಟಿಯಾಗಿತ್ತು. ಕೈಯಲ್ಲಿದ್ದ ಹಾಳೆ ಮಾತ್ರ ನಡುಗುತ್ತಿತ್ತು. ಹೇಳಿ ಮುಗಿಸಿ ಕುಳಿತಳು. ಆಗ ಪಕ್ಕದ ಕುರ್ಚಿಯಲ್ಲಿದ್ದ ಮತ್ತೊಂದು ದೇಶದವನು ತನ್ನ ಕುರ್ಚಿಯನ್ನು ಚೂರು ಆಚೆ ಎಳೆದುಕೊಂಡ. ಚೂರೇ. ನಾನು ನೋಡಿದೆ.

ನಮ್ಮವರು ಅದನ್ನು ನೋಡಲಿಲ್ಲ. ಅವರು ಚಪ್ಪಾಳೆ ಹೊಡೆಯುತ್ತಿದ್ದರು.

"ಹೌದ್ ಹುಲಿಯಾ! ಮಾರಿ ಮ್ಯಾಲ ಹೊಡದಂಗ ಹೇಳಿದ್ಲ ನೋಡ!"

"ಹಿಂಗ ಹೇಳಬೇಕ್ರಿ. ಯಾರೂ ಹೇಳೂದಿಲ್ಲಂತನ ಅವಂದು ಇಷ್ಟ ಮಸ್ತಿ ಆಗೇತಿ."

ಹೀಗೆ ಹೇಳಿದವನು ಟ್ರ್ಯಾಕ್ಟರ್ ಪಡೆದವನು. ಅವನ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಸಾವುಕಾರರೂ ಕುಳಿತು ಬಸಿಯಲ್ಲಿ ಚಹಾ ಊದುತ್ತಿದ್ದರು. ಅವರೂ ತಲೆದೂಗಿದರು. "ಧೈರ್ಯ ಬೇಕ್ರಿ ಧೈರ್ಯ. ನಮ್ಮ ಕಿತ್ತೂರ ನಾಡಿನ ಹೆಣ್ಣಮಗಳ ಗತೆ ಮಾತಾಡಿದ್ಲು" ಎಂದರು. ರಾಣಿಯ ಸಮಾಧಿ ಇರುವ ಊರು ನಮ್ಮದು. ಪರದೇಶದವರ ಎದುರು ತಲೆಬಾಗದವಳ ಹೆಸರು ಹೇಳಿಕೊಂಡು ಪ್ರತಿವರ್ಷ ಹಾರ ಹಾಕಿಸಿಕೊಳ್ಳುವ ಜನ ಇವರು. ನನ್ನ ಮೈ ಉರಿದು ಹೋಯಿತು. ರೊಟ್ಟಿಯ ಗಂಟು ಇಟ್ಟು ಬಂದೆ.

ಆಮೇಲೆ ದಿನಕ್ಕೊಬ್ಬ ಪರದೇಶದ ನಾಯಕ ಟೀವಿಯಲ್ಲಿ ಆ ಅಧ್ಯಕ್ಷನನ್ನು ಬೈಯತೊಡಗಿದ. ಒಬ್ಬರು ಬಾಯಿ ಬಿಟ್ಟರೆ ಉಳಿದವರಿಗೂ ಬಾಯಿ ಬರುತ್ತದೆ ಎಂದುಕೊಂಡೆ. ಓಣಿಯ ಗಂಡಸರಿಗಂತೂ ಹಬ್ಬ. ಹೋಳಿ ಹತ್ತಿರ ಬಂದಿತ್ತು. ನಮ್ಮ ಕಡೆ ಹೋಳಿಗೆ ಕಾಮಣ್ಣನನ್ನು ಸುಡುವುದರ ಜೊತೆಗೆ ಅಣಕು ಹೆಣದ ಮೆರವಣಿಗೆಯೂ ಉಂಟು. ಹುಲ್ಲಿನ ಮನುಷ್ಯನನ್ನು ಚಟ್ಟದ ಮೇಲೆ ಮಲಗಿಸಿ, ಗಂಡಸರೇ ಸೀರೆ ಉಟ್ಟು ಅವನ ಹೆಂಡಿರಾಗಿ ಅತ್ತು, ಹಲಗೆ ಬಡಿದು, ಬಾಯಿಗೆ ಕೈಬಡಿದುಕೊಂಡು ಲಬೋ ಲಬೋ ಹೊಯ್ದುಕೊಂಡು, ಯಾರನ್ನು ಬೇಕಾದರೂ ಬಾಯಿಗೆ ಬಂದಂತೆ ಬೈಯಬಹುದು. ಆ ದಿನ ಬೈಸಿಕೊಂಡವರು ಸಿಟ್ಟಾಗುವ ಹಾಗಿಲ್ಲ. ಅದು ಹಿರಿಯರ ಕಾಲದಿಂದ ಬಂದ ಕಾಯಿದೆ. ವರ್ಷವೆಲ್ಲ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಹೊರಗೆ ಹಾಕಲಿ ಎಂದೇ ಹಿರಿಯರು ಅದನ್ನು ಮಾಡಿದ್ದಾರೆಂದು ನನ್ನ ಅಜ್ಜಿ ಹೇಳುತ್ತಿದ್ದಳು.

ಈ ಸಲದ ಹೆಣ ಆ ಅಧ್ಯಕ್ಷನದು. ಹುಲ್ಲು ತುಂಬಿದರು, ಗಡಿಗೆಯ ತಲೆ ಇಟ್ಟರು. ಅಧ್ಯಕ್ಷನೆಂದ ಮೇಲೆ ಕೋಟು ಬೇಕಲ್ಲ? ಓಣಿಯಲ್ಲಿ ಕೋಟು ಇರುವುದು ಒಬ್ಬರಿಗೇ. ಹೋಗಿ ಸಾವುಕಾರರನ್ನೇ ಕೇಳಿದರು. ಅವರೂ ದೊಡ್ಡ ಮನಸ್ಸು ಮಾಡಿ, ಸನ್ಮಾನಕ್ಕೆ ಹಾಕಿಕೊಳ್ಳುತ್ತಿದ್ದ ಹಳೆಯ ಕೋಟು ಕೊಟ್ಟರು. ಕಟ್ಟಿಗೆಗೂ ದುಡ್ಡು ಕೊಟ್ಟರು. ಹೀಗೆ ಸಾವುಕಾರರ ಕೋಟು ತೊಡಿಸಿದ ಹೆಣವನ್ನು ಹೊತ್ತುಕೊಂಡು, ಸಾವುಕಾರರನ್ನೇ ಮುಂದೆ ಮಾಡಿಕೊಂಡು, ಇವರು ಪರದೇಶದವನನ್ನು ಬೈಯುತ್ತ ಹೊರಟರು. ಕಂಡವರ ನೆಲ ನುಂಗಿದವನೇ, ಬಡವರ ಹೊಟ್ಟೆಯ ಮೇಲೆ ಹೊಡೆದವನೇ, ನಿನಗೆ ಬೆಂಕಿ ಬೀಳಲಿ! ಆ ಕೋಟು ಎದುರಿಗಿದ್ದರೂ ಒಬ್ಬನಿಗೂ ಏನೂ ಹೊಳೆಯಲಿಲ್ಲ. ಅಥವಾ ಹೊಳೆದಿತ್ತೋ ಏನೋ, ಅದು ಇನ್ನೂ ಹೊಲಸು.

ಚಟ್ಟ ಬಂದು ಸಮುದಾಯ ಭವನದ ಮುಂದೆ ನಿಂತಿತು. ಹೆಂಗಸರು ಹೊಸ್ತಿಲಲ್ಲಿ ನಿಂತು ನೋಡುವುದು ರೂಢಿ. ನಾನು ಮೆಟ್ಟಿಲಿಳಿದೆ. ಹೆಣದ ಹತ್ತಿರ ಹೋಗಿ ಕೋಟಿನ ಕಾಲರು ಹಿಡಿದೆ.

"ಏ ಹೆಣಾ, ಏಳು! ಗೊಬ್ಬರದ ಚೀಲ ತಗಿ! ಇದು ನಿನ್ನ ಅಪ್ಪನ ಮನಿ ಅಲ್ಲ, ಓಣಿ ಮನಿ. ಕೀಲಿಕೈ ಕೊಟ್ಟ ಸಾಯಿ!"

ಹಲಗೆ ನಿಂತಿತು. ಸೀರೆ ಉಟ್ಟ ಗಂಡಸರು ಅಳು ಮರೆತು ಬಾಯಿ ತೆರೆದರು. ನಾನು ಹೆಣ ಬಿಟ್ಟು ಸಾವುಕಾರರ ಕಡೆ ತಿರುಗಿದೆ. ಅವರ ಮುಖ ಒಂದು ಗಳಿಗೆ ಕಪ್ಪಿಟ್ಟಿತು. ಮರುಗಳಿಗೆ ಗಹಗಹಿಸಿ ನಕ್ಕರು.

"ಹೊಡೀರಿ ಹಲಿಗಿ! ಹೋಳಿ ಅಲ್ಲೇನ್ರಿ? ಹೋಳ್ಯಾಗಿನ ಮಾತ ನಾ ಮನಸಿಗಿ ಹಚ್ಚಿಕೊಳ್ಳೂದಿಲ್ಲ ತಂಗಿ. ಚೊಲೋ ಬೈದಿ, ಭಾಳ ಚೊಲೋ ಬೈದಿ!"

ಎಲ್ಲರೂ ನಕ್ಕರು. ಎದೆಯ ಮೇಲಿನ ಕಲ್ಲು ಇಳಿದವರಂತೆ ನಕ್ಕರು. ಹಲಗೆ ಮತ್ತೆ ಶುರುವಾಯಿತು. ನನ್ನ ಮಾತೂ ಆ ಹುಲ್ಲಿನ ಜೊತೆ ಸುಟ್ಟುಹೋಯಿತು. ಸಿಟ್ಟಾಗುವ ಹಾಗಿಲ್ಲ ಎಂಬ ಕಾಯಿದೆಯೇ ಸಾವುಕಾರರಿಗೆ ಕೊಡೆಯಾಯಿತು. ಮಾತು ಕೇಳಿಸಿಕೊಳ್ಳಬೇಕೆಂದು ಮಾತ್ರ ಯಾವ ಹಿರಿಯರೂ ಕಾಯಿದೆ ಮಾಡಿಲ್ಲ. ಮನೆಗೆ ಬಂದು ಒಲೆಯ ಮುಂದೆ ಕುಳಿತು ಹಲ್ಲು ಕಡಿದೆ. ಆ ಪ್ರಧಾನಿ ಹೆಂಗಸಿಗೆ ಯಾವ ಹೋಳಿ ಇತ್ತು? ಅವಳು ಸಾದಾ ದಿನ, ಸಾದಾ ಸಭೆಯಲ್ಲಿ ಹೇಳಿದ್ದಳು. ಅದಕ್ಕೇ ಹಾಳೆ ನಡುಗಿತ್ತು.

ಓಕುಳಿ ಮುಗಿದ ಮರುದಿನ ಬೆಳಿಗ್ಗೆ ರೊಟ್ಟಿಯ ಗಂಟು ಹಿಡಿದು ಚಹಾದಂಗಡಿಗೆ ಹೋದೆ. ಎಲ್ಲರ ಕಿವಿಯಲ್ಲೂ ಇನ್ನೂ ಬಣ್ಣ. ಸಾವುಕಾರರು ಅದೇ ಕುರ್ಚಿಯಲ್ಲಿದ್ದರು. ಟೀವಿಯಲ್ಲಿ ಮತ್ತೊಬ್ಬ ನಾಯಕ ಆ ಅಧ್ಯಕ್ಷನ ತಪ್ಪು ಎತ್ತಿ ಆಡುತ್ತಿದ್ದ. ಇವರು ಭಲೇ ಭಲೇ ಎನ್ನುತ್ತಿದ್ದರು. ನಾನು ಟೀವಿಗೆ ಅಡ್ಡವಾಗಿ ನಿಂತೆ.

"ಸಾವುಕಾರ್ರ, ಇವತ್ತ ಹೋಳಿ ಇಲ್ಲ. ಮಾರಿ ನೋಡಿ ಕೇಳಾಕತ್ತೇನಿ. ಓಣಿ ಜಾಗಾಕ್ಕ ನಿಮ್ಮ ಕೀಲಿ ಹಾಕೂದು ತಪ್ಪು. ಅದನ್ನ ತಗೀರಿ."

ಅವರು ನಗಲಿಲ್ಲ. "ಹೆಣ್ಣಮಗಳದಿ, ಹೆಣ್ಣಮಗಳಂಗ ಇರು" ಎಂದರು.

ನಾನು ಗಂಟನ್ನು ಎದೆಗೆ ಅವುಚಿ ಹಿಡಿದೆ. ಗಂಟಿನೊಳಗೆ ರೊಟ್ಟಿ ಚಟಚಟ ಮುರಿದದ್ದು ಎಲ್ಲರಿಗೂ ಕೇಳಿಸಿತು. "ಟೀವ್ಯಾಗ ಮಾತಾಡಿದ ಅಕಿನೂ ಹೆಣ್ಣಮಗಳ. ಅಕಿಗಿ ನೀವ ಭೇಷ್ ಅಂದ್ರಿ" ಎಂದೆ. ಕಟ್ಟಿಗೆಯ ಉದ್ದ ಬಾಕಿನ ಮೇಲೆ ಸಾಲಾಗಿ ಕುಳಿತಿದ್ದವರ ಕಡೆ ತಿರುಗಿದೆ. "ನೀವೂ ಅಂದ್ರಿ. ಹಿಂಗ ಹೇಳಬೇಕು ಅಂದ್ರಿ. ಹಾಂ, ಹೇಳ್ರೀಗ!"

ಒಬ್ಬ ಬಸಿಯೊಳಗೆ ನೋಡಿದ. ಒಬ್ಬ ಟೀವಿಯ ದನಿ ಏರಿಸಿದ. ನಾನು ಬಾಕಿನ ತುದಿಗೆ ಕುಳಿತೆ. ಟ್ರ್ಯಾಕ್ಟರಿನವನು ಚೂರು ಆಚೆ ಸರಿದ. ಆಮೇಲೆ ಅವನ ಪಕ್ಕದವನು. ಇಡೀ ಬಾಕು ನನ್ನಿಂದ ದೂರವಾಯಿತು. ಅಂಥ ಅವಮಾನ ನನಗೆ ಎಂದೂ ಆಗಿರಲಿಲ್ಲ. ಇವರ ಮಕ್ಕಳಿಗೆಲ್ಲ ನಾನು ರೊಟ್ಟಿಯ ಚೂರು ಕೊಟ್ಟು ಬೆಳೆಸಿದ್ದೇನೆ.

ಆಗ ಗೆಳತಿ ಬಂದಳು. ನನ್ನ ದನಿ ಓಣಿಯ ತುದಿಯ ತನಕ ಕೇಳಿಸಿತ್ತಂತೆ. ಕೈತುಂಬ ಹಿಟ್ಟು. ನಮ್ಮ ಓಣಿಯ ಹೆಂಗಸರು ಆ ಅಂಗಡಿಯಲ್ಲಿ ಕೂರುವುದಿಲ್ಲ. ಅವಳಂತೂ ಅದರ ಮುಂದೆ ಸೆರಗು ಎಳೆದುಕೊಂಡು ಹಾಯುವವಳು. ಬಂದವಳೇ ಗಂಡಸರು ಬಿಟ್ಟುಕೊಟ್ಟ ಜಾಗದಲ್ಲಿ, ನನ್ನ ತೋಳಿಗೆ ತೋಳು ಹಚ್ಚಿ ಕುಳಿತಳು.

"ನನಗ ರೋಜಾ ಐತಿ" ಎಂದಳು ಅಂಗಡಿಯವನಿಗೆ. "ಇಕಿಗೊಂದ ಚಾ ಕೊಡ್ರಿ. ಕೀಲಿಕೈ ಬರೂ ಮಟಾ ಇಬ್ರೂ ಇಲ್ಲೇ ಕುಂದರತೇವಿ."

ಸಾವುಕಾರರು ಚಹಾ ಅರ್ಧಕ್ಕೆ ಬಿಟ್ಟು ಎದ್ದು ಹೋದರು. ಆ ದಿನ ಕೀಲಿಕೈ ಬರಲಿಲ್ಲ. ಮರುದಿನವೂ ಹೋಗಿ ಕುಳಿತೆವು. ಅದರ ಮರುದಿನವೂ. ನಾವು ಕುಳಿತರೆ ಗಂಡಸರಿಗೆ ಬಾಯಿಬಿಟ್ಟು ಮಾತಾಡಲು ಆಗುತ್ತಿರಲಿಲ್ಲ, ಟೀವಿಯವರನ್ನೂ ಹೊಗಳಲು ಆಗುತ್ತಿರಲಿಲ್ಲ. ಕೊನೆಗೆ ಅಂಗಡಿಯವನೇ ವ್ಯಾಪಾರ ಕೆಡುತ್ತದೆ ಎಂದು ಸಾವುಕಾರರ ಮನೆಗೆ ಹೋಗಿ ಕೀಲಿಕೈ ತಂದ. ಅವರು ತಾವಾಗಿಯೇ ದೊಡ್ಡ ಮನಸ್ಸಿನಿಂದ ಕೊಟ್ಟರೆಂದು ಹೇಳಬೇಕಂತೆ. ಮೊದಲು ಕೀಲಿಕೈ ಕೊಡು ಎಂದು ಇಸಿದುಕೊಂಡೆ. ಚೀಲ ಹೊರಗೆ ಹಾಕಿಸಿ ಕೋಣೆ ತೊಳೆದರೂ ಗೊಬ್ಬರದ ವಾಸನೆ ಹೋಗಲು ಬಹಳ ದಿನ ಬೇಕಾಯಿತು. ಗೆಳತಿ ರಾಮದುರ್ಗಕ್ಕೆ ಹಬ್ಬಕ್ಕಷ್ಟೇ ಹೋಗಿ ಬಂದಳು.

ಇಷ್ಟಕ್ಕೇ ಮುಗಿದಿದ್ದರೆ ನನ್ನ ಸಿಟ್ಟೂ ಇಳಿಯುತ್ತಿತ್ತು. ಮೊನ್ನೆ ರೊಟ್ಟಿ ಕೊಡಲು ಹೋದಾಗ ಟ್ರ್ಯಾಕ್ಟರಿನವನು ಬೇರೆ ಓಣಿಯ ಯಾರಿಗೋ ಹೇಳುತ್ತಿದ್ದ: "ನಾವೆಲ್ಲಾ ಕೂಡಿ ಸಾವುಕಾರಗ ಮಾರಿ ಮ್ಯಾಲ ಹೇಳಿದ್ವಿ ನೋಡ್ರಿ. ನಮ್ಮ ಓಣ್ಯಾಗ ಯಾರಿಗೂ ಅಂಜೂದಿಲ್ಲ."

ಬಾಕಿನ ತುಂಬ ಅವರೇ ಇದ್ದರು. ನಾನು ಗಂಟು ಕೆಳಗಿಟ್ಟು ಕೇಳಿದೆ.

"ಯಾರ್ ಹೇಳಿದ್ರಿ? ಹೇಳಿದಾಂವ ಎದ್ದ ನಿಂದರ್ರಿ, ನೋಡೂಣು."

ಟೀವಿ ನಡೆದಿತ್ತು. ಒಬ್ಬರೂ ಏಳಲಿಲ್ಲ.