ಅನಿಸೆತೊ ಮನೆಯ ಹೇಂಟೆಗಳು

ಕಿಲ್ಮಾನಾದ ಹಿಲಾರಿಯೊ ಯಾಕ್ತಾಯೊನನ್ನು ಊರವರು ಹುಂಜದವನು ಎಂದು ಕರೆಯುತ್ತಿದ್ದರು. ಅವನಿಗೆ ಆ ಹೆಸರು ಅಷ್ಟಾಗಿ ಹಿಡಿಸುತ್ತಿರಲಿಲ್ಲ. ಹುಂಜ ಬೆಳೆಯುತ್ತದೆ, ಕಾಲಿಗೆ ಕತ್ತಿ ಕಟ್ಟಿಸಿಕೊಂಡು ಕಣಕ್ಕಿಳಿಯುತ್ತದೆ, ಕೊಲ್ಲುತ್ತದೆ ಇಲ್ಲವೇ ಸಾಯುತ್ತದೆ. ಅದರ ಕತೆ ಅಲ್ಲಿಗೆ ಮುಗಿಯಿತು. ಅವನ ಜೀವ ಇದ್ದದ್ದು ಹಿತ್ತಲಿನ ಬಿದಿರು ತಟ್ಟಿಯ ಗೂಡುಗಳಲ್ಲಿದ್ದ ಹೇಂಟೆಗಳ ಮೇಲೆ. ಹೊರಗಿನವರಿಗೆ ಅವನ್ನು ತೋರಿಸುತ್ತಲೇ ಇರಲಿಲ್ಲ. ದೂರದಿಂದ ಬಂದ ಕೋಳಿ ಅಂಕದ ಶೋಕಿಯವರು ಅಂಗಳದಲ್ಲೇ ಕೂತು, ಅವನ ಹೆಂಡತಿ ಮಾಕ್ಸಿಮಾ ಬೇಯಿಸಿ ತಂದ ಗೆಣಸು ತಿಂದು, ಹಿತ್ತಲ ಕಡೆ ಕತ್ತು ಚಾಚಿ ಚಾಚಿ ನೋಡಿ ವಾಪಸು ಹೋಗುತ್ತಿದ್ದರು.

ಆ ಕೋಳಿಗಳು ಅವನ ಅಪ್ಪ ಅನಿಸೆತೊ ಕಟ್ಟಿದ ತಳಿ. ಹತ್ತಿ ಹೊಲದಲ್ಲಿ ಕೂಲಿ ಮಾಡುತ್ತಿದ್ದ ಕಾಲದಲ್ಲಿ ಜಮೀನುದಾರನ ಹಟ್ಟಿಯಿಂದ ಒಂದು ಕುಂಟು ಹೇಂಟೆ ತಂದು, ಅದರಿಂದ ಶುರುಮಾಡಿದವನು ಅನಿಸೆತೊ. ತಾಯಿಗೆ ಮಗನನ್ನು, ತಂದೆಗೆ ಮಗಳನ್ನು ಕೂಡಿಸುತ್ತ, ಬೇಡದ್ದನ್ನು ಮಡಕೆಗೆ ಹಾಕುತ್ತ, ಮೂವತ್ತು ವರ್ಷ ಒಂದೇ ಹಟದಲ್ಲಿ ಸಾಗಿದ. ಕೊನೆಗೆ ಒಣಮೆಣಸಿನಕಾಯಿ ಬಣ್ಣದ, ಎತ್ತರದ ಕಾಲಿನ, ಏಟು ತಿಂದಷ್ಟೂ ಮುಂದೆ ನುಗ್ಗುವ ಕೋಳಿ ಅವನ ಕೈಗೆ ಬಂತು. ಕಾನ್ಯೇತೆ ಕಣಿವೆಯ ಯಾವ ಕಣದಲ್ಲಿ ನೋಡಿದರೂ ಅದನ್ನು ಗುರುತಿಸಬಹುದಿತ್ತು. ಮರಿ ಒಡೆದ ದಿನವೇ ಎಡಗಾಲಿನ ಎರಡು ಬೆರಳುಗಳ ನಡುವಿನ ತೊಗಲಿಗೆ ಸಣ್ಣದಾಗಿ ಎರಡು ಸೀಳು ಹಾಕುವುದು ಆ ಮನೆಯ ಗುರುತು. ಕಟ್ಟಳೆ ಒಂದೇ: ಹುಂಜ ಬೇಕಾದರೆ ಹೊರಗೆ ಹೋಗಲಿ, ಹೇಂಟೆ ಮಾತ್ರ ಜೀವಂತವಾಗಿ ಅಂಗಳ ದಾಟಬಾರದು.

ಆ ಕಟ್ಟಳೆ ಮುರಿದವನು ತಮ್ಮ ಸೆನೋಬಿಯೊ. ಅಪ್ಪ ತೀರಿಕೊಂಡ ವರ್ಷ ಅವನಿಗೆ ಮಗಳು ಹುಟ್ಟಿದಳು. ದೀಕ್ಷಾಸ್ನಾನದ ದಿನ ಮಗುವನ್ನು ಎತ್ತಿಹಿಡಿದ ಉವಾರಾಲ್ ಊರಿನ ಗೆಳೆಯ, ಊಟವಾದ ಮೇಲೆ ನಗುನಗುತ್ತ ಒಂದು ಹೇಂಟೆ ಕೇಳಿದ. ಮಗಳಿಗೆ ಇನ್ನೊಬ್ಬ ತಂದೆಯಾಗಿ ನಿಂತವನಿಗೆ ಇಲ್ಲ ಎನ್ನುವುದು ಹೇಗೆ ಎಂದು ಸೆನೋಬಿಯೊ ಕೊಟ್ಟುಬಿಟ್ಟ. ಹಿಲಾರಿಯೊಗೆ ಗೊತ್ತಾದಾಗ ಹೇಂಟೆ ಬಸ್ಸು ಹತ್ತಿ ಹೋಗಿಯಾಗಿತ್ತು. ಅಣ್ಣತಮ್ಮಂದಿರು ಹೊಡೆದಾಡಿದರು. ಸೆನೋಬಿಯೊನ ಮುಂದಿನ ಹಲ್ಲು ಮುರಿಯಿತು.

ಪಾಲು ಮಾಡಿದವಳು ಅವರ ಅಮ್ಮ ಗೌದೆನ್ಸಿಯಾ. ಹುಂಜಗಳೆಲ್ಲ ಸೆನೋಬಿಯೊಗೆ, ಹೇಂಟೆಗಳೆಲ್ಲ ಹಿಲಾರಿಯೊಗೆ, ಮರಿಗಳಲ್ಲೂ ಹಾಗೆಯೇ ಎಂದಳು. "ನಿಂಗೆ ಅವನು ಬೇಕು, ಅವನಿಗೆ ನೀನು ಬೇಕು. ಇವತ್ತಲ್ಲ ನಾಳೆ ಒಬ್ಬ ಇನ್ನೊಬ್ಬನ ಬಾಗಿಲು ತಟ್ಟಲೇಬೇಕು. ನಾನು ನೋಡ್ತೀನಿ" ಅಂದಳು. ಅವಳು ನೋಡಲಿಲ್ಲ. ಸೆನೋಬಿಯೊ ಹುಂಜಗಳನ್ನು ಬುಟ್ಟಿಗಳಲ್ಲಿ ತುಂಬಿಕೊಂಡು ಕಣಿವೆಯ ಆಚೆ ಬದಿಯ ಸಾನ್ ಲೂಯಿಸ್‌ಗೆ ಹೋಗಿ ನೆಲೆಸಿದ. ಅಮ್ಮನನ್ನು ಮಣ್ಣುಮಾಡಿದ ದಿನವೂ ಇಬ್ಬರೂ ಗುಂಡಿಯ ಎರಡು ಬದಿಗೆ ನಿಂತರು, ಮಾತಾಡಲಿಲ್ಲ.

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಿಲಾರಿಯೊ ಹೇಂಟೆಗಳಿಂದಲೇ ಅಪ್ಪನ ತಳಿಯನ್ನು ಹಿಡಿದಿಟ್ಟ. ಒಮ್ಮೆ ಹೊರಗಿನ ಹುಂಜ ತಂದು ಕೂಡಿಸಿದ್ದ. ಆಮೇಲೆ ಹುಟ್ಟಿದ ಗಂಡುಗಳನ್ನು ಅವುಗಳ ತಾಯಂದಿರಿಗೇ, ಅಜ್ಜಿಯರಿಗೇ ಬಿಡುತ್ತ ಹೋದ. ಹೊರಗಿನ ರಕ್ತ ತೊಳೆದುಹೋಯಿತು. ಜೊತೆಗೆ ಬೇರೆ ಏನೋ ಸಹ ಹೋಯಿತು. ಮೊಟ್ಟೆಗಳು ಕಾವಿಗಿಟ್ಟರೂ ಒಡೆಯದಾದವು. ಒಡೆದ ಮರಿಗಳಲ್ಲಿ ಕೆಲವಕ್ಕೆ ಬೆರಳು ಸೊಟ್ಟ. ನೋಡಲು ಅಪ್ಪನ ಕಾಲದ ಹುಂಜವೇ, ಅದೇ ಬಣ್ಣ, ಅದೇ ನಿಲುವು; ಆದರೆ ಎದುರಾಳಿಯನ್ನು ಕಂಡಾಗ ಕಣ್ಣಿನಲ್ಲಿ ಬರಬೇಕಾದ್ದು ಬರುತ್ತಿರಲಿಲ್ಲ.

ಅದು ಊರಿಗೆಲ್ಲ ಗೊತ್ತಾದದ್ದು ಇಂಪೀರಿಯಲ್ ಪೇಟೆಯ ಕಣದಲ್ಲಿ, ಜುಲೈ ಹಬ್ಬದ ಅಂಕದ ದಿನ. ಹಿಲಾರಿಯೊನ ಹುಂಜ ಕತ್ತಿ ಕಟ್ಟಿಸಿಕೊಂಡು ಮಣ್ಣಿನ ಮೇಲೆ ನಿಂತಿತು, ಎದುರಿನದನ್ನು ಒಮ್ಮೆ ನೋಡಿತು, ಬಾಲ ತಿರುಗಿಸಿ ಗೋಡೆಯುದ್ದಕ್ಕೂ ಓಡಿತು. ಏಟು ಇನ್ನೂ ಬಿದ್ದೇ ಇರಲಿಲ್ಲ. ಜನ ಸಿಳ್ಳೆ ಹೊಡೆದರು.

"ದೊನ್ ಹಿಲಾರಿಯೊ, ಅದಕ್ಕೆ ಮೊಟ್ಟೆ ಇಡೋಕೆ ಜಾಗ ಬೇಕಂತೆ, ಬುಟ್ಟಿ ತಂದಿದ್ದೀರಾ?" ಎಂದು ಮೇಲಿನ ಸಾಲಿನಿಂದ ಯಾರೋ ಕೂಗಿದ.

"ಬಿಡ್ರೋ, ಅದು ತನ್ನಮ್ಮನ್ನ ಹುಡುಕ್ತಾ ಇದೆ. ಅವಳನ್ನೇ ಮದುವೆ ಆಗಿದೆ ಅಲ್ವಾ" ಎಂದ ಇನ್ನೊಬ್ಬ.

ಹಿಲಾರಿಯೊ ಕಣಕ್ಕಿಳಿದು ಹುಂಜವನ್ನು ಎತ್ತಿಕೊಂಡು ಹೊರಗೆ ಬಂದ. ಮನೆಗೆ ಬಂದವನೇ ಹಿತ್ತಲಿನಲ್ಲಿದ್ದ ಗಂಡುಗಳನ್ನೆಲ್ಲ, ಕಾಲಮುಳ್ಳು ಮೂಡದ ಪಡ್ಡೆಗಳನ್ನೂ ಬಿಡದೆ, ಕತ್ತು ಮುರಿದ. ಮಾಕ್ಸಿಮಾ ದೊಡ್ಡ ಹಂಡೆಯಲ್ಲಿ ನೀರು ಕಾಯಿಸಿ ಪುಕ್ಕ ಕಿತ್ತಳು. ಒಂದು ವಾರ ಬೀದಿಗೆಲ್ಲ ಕೋಳಿಸಾರು ಹಂಚಿದಳು. ಮದುವೆಯಾದಾಗಿನಿಂದ ಅವಳು ಗಂಡನಿಗೆ ಕೋಪ ಬಂದಾಗ ಒಂದು ಕೆಲಸ ಹುಡುಕಿಕೊಂಡು ಪಕ್ಕಕ್ಕೆ ಸರಿಯುವುದನ್ನು ಕಲಿತಿದ್ದಳು.

ಹಿತ್ತಲಿನಲ್ಲಿ ಹೇಂಟೆಗಳಷ್ಟೇ ಉಳಿದವು.

ಆ ಕಡೆ ಚಳಿಗಾಲ ಮುಗಿಯುವುದು ಸೆಪ್ಟೆಂಬರಿನಲ್ಲಿ; ಮಂಜು ಹರಿದು ಬಿಸಿಲು ಬೀಳತೊಡಗಿದ ದಿನಗಳಲ್ಲಿ ಒಂದು ಬೆಳಗ್ಗೆ ಬಾಗಿಲ ಮುಂದೆ ಆಟೊ ನಿಂತಿತು. ಇಳಿದವಳು ಸೆನೋಬಿಯೊನ ಮಗಳು ಎಲ್ವಿಯಾ. ಅದೇ ದೀಕ್ಷಾಸ್ನಾನದ ಮಗು. ಈಗ ಅವಳಿಗೇ ಮಕ್ಕಳು. ಕೈಯಲ್ಲಿ ಬಾಯಿ ಕಟ್ಟಿದ ಬಟ್ಟೆಯ ಚೀಲ, ಅದರ ತೂತಿನಿಂದ ಹೊರಗೆ ಬಂದ ಕೆಂಪು ತಲೆ.

"ಅಪ್ಪ ಕಳಿಸಿದ್ರು, ದೊಡ್ಡಪ್ಪ. ನಿಮ್ಮ ಹೇಂಟೆಗಳಿಗೆ ಅಂದ್ರು."

ಹಿಲಾರಿಯೊ ಚೀಲ ಈಸಿಕೊಳ್ಳಲಿಲ್ಲ. "ಇಂಪೀರಿಯಲ್‌ನಲ್ಲಿ ಆಗಿದ್ದು ಕೇಳಿದ್ನಾ?"

"ಯಾರು ಕೇಳಿಲ್ಲ ಹೇಳಿ."

"ನಕ್ಕನಾ?"

"ಇಲ್ಲ. ಅವತ್ತು ಊಟ ಮಾಡ್ಲಿಲ್ಲ." ಅವಳು ಚೀಲವನ್ನು ಜಗಲಿಯ ಮೇಲಿಟ್ಟು ನೆಲ ನೋಡಿದಳು. "ಇಟ್ಕೊಳ್ಳಿ ದೊಡ್ಡಪ್ಪ. ನಾನು ಹೊರಡ್ತೀನಿ, ಆಟೊ ಕಾಯ್ತಿದೆ."

ಒಳಗೆ ಬಂದು ನೀರು ಕುಡಿಯಮ್ಮ ಎಂದು ಮಾಕ್ಸಿಮಾ ಕರೆದಳು. ಹುಡುಗಿ ನಿಲ್ಲಲಿಲ್ಲ.

ಹಿಲಾರಿಯೊ ಚೀಲ ಬಿಚ್ಚಿದ. ಹುಂಜ ಹೊರಬಂದು ರೆಕ್ಕೆ ಕೊಡವಿ, ಅವನ ಮುಖವನ್ನೇ ನೋಡುತ್ತ ನಿಂತಿತು. ಎಡಗಾಲು ಎತ್ತಿ ನೋಡಿದ. ಎರಡು ಸೀಳು. ತಮ್ಮ ಅಷ್ಟು ವರ್ಷ ಅದೇ ಗುರುತು ಹಾಕಿಕೊಂಡು ಬಂದಿದ್ದ. ಅವನೂ ಹೊರಗಿನ ಹೇಂಟೆಗಳನ್ನು ತಂದು, ಹುಂಜಕ್ಕೆ ಮಗಳನ್ನು, ಮೊಮ್ಮಗಳನ್ನು ಕೂಡಿಸಿ ಆ ಕಡೆಯಿಂದ ಅಪ್ಪನ ತಳಿಗೇ ಬಂದಿದ್ದ. ಹಿಲಾರಿಯೊ ಅದನ್ನು ಎದೆಗೆ ಒತ್ತಿ ಹಿಡಿದ. ಗಟ್ಟಿ ಮೈ. ಹೃದಯ ಸಮನಾಗಿ ಬಡಿಯುತ್ತಿತ್ತು.

ಹೊರಗಿನಿಂದ ಬಂದ ಕೋಳಿಯನ್ನು ಕಾಲುವೆಯ ಆಚೆಯ ಒಂಟಿ ಗೂಡಿನಲ್ಲಿ ಒಂದು ತಿಂಗಳಾದರೂ ಇಡುವುದು ಆ ಮನೆಯ ಪದ್ಧತಿ. ಮಾಕ್ಸಿಮಾ ಆ ಗೂಡು ಗುಡಿಸಲು ಪೊರಕೆ ತಗೊಂಡಳು.

"ಎಲ್ಲಿಗೆ ಹೋಗ್ತಿದ್ದೀಯ?"

"ಆಚೆ ಗೂಡಿಗೆ. ಇದನ್ನ ಅಲ್ಲೇ ತಾನೇ ಇಡೋದು?"

"ಇದೇನು ಹೊರಗಿನದಾ? ಇದು ಅಪ್ಪನ ಮನೆದು."

"ಇದ್ರೂ ಇರ್ಲಿ. ಸ್ವಲ್ಪ ದಿನ ಇಡಿ."

"ಈ ಸಲದ ಮೊಟ್ಟೆ ಕೈ ತಪ್ಪಿದ್ರೆ ಮುದಿ ಹೇಂಟೆಗಳು ಮತ್ತೆ ಇಡಲ್ಲ" ಎಂದ ಹಿಲಾರಿಯೊ. ಆ ಮಧ್ಯಾಹ್ನವೇ ಹುಂಜವನ್ನು ಹಿತ್ತಲಿಗೆ ಬಿಟ್ಟ.

ಆಮೇಲಿನ ಕೆಲವು ವಾರ ಅವನು ಚಿಕ್ಕ ಹುಡುಗನ ಹಾಗಿದ್ದ ಎಂದು ಮಾಕ್ಸಿಮಾ ಹೇಳುತ್ತಿದ್ದಳು. ಬೆಳಗಾಗುವ ಮೊದಲೇ ಎದ್ದು ಹಿತ್ತಲಿನಲ್ಲಿ ಮಣೆ ಹಾಕಿಕೊಂಡು ಕೂರುವನು. ಮೊಟ್ಟೆಗಳನ್ನು ದೀಪಕ್ಕೆ ಹಿಡಿದು ನೋಡಿದಾಗ ಎಲ್ಲದರಲ್ಲೂ ಜೀವ ಹಿಡಿದ ಕೆಂಪು ಎಳೆ ಕಾಣಿಸಿತು. "ಸೆನೋಬಿಯೊನ್ನ ಊಟಕ್ಕೆ ಕರೀಬೇಕು. ಮರಿ ಒಡೀಲಿ, ಕರಿಯೋಣ" ಎಂದು ಒಮ್ಮೆ ತಾನಾಗಿಯೇ ಅಂದ.

ಮೊದಲು ಬಿದ್ದದ್ದು ವಿಧವೆ ಎಂಬ ಕರಿಗಾಲಿನ ಹೇಂಟೆ. ಅಪ್ಪನ ಕುಂಟು ಹೇಂಟೆಯ ನೇರ ಸಾಲಿನದು. ಕಾಳು ಮುಟ್ಟದೆ ಮೂಲೆಯಲ್ಲಿ ಬಾಲ ಇಳಿಬಿಟ್ಟು ನಿಂತಿತ್ತು, ಕೆಳಗೆ ಹಸಿರು ಹಿಕ್ಕೆ. ಸಂಜೆಯ ಹೊತ್ತಿಗೆ ಕತ್ತು ತಿರುಚಿ ತಲೆ ಬೆನ್ನಿಗೆ ತಾಗಿತು. ಕೊಕ್ಕರೆ ರೋಗ. ಹಿಲಾರಿಯೊ ಅದನ್ನು ಬೇರೆಯವರ ಮನೆಗಳಲ್ಲಿ ಕಂಡಿದ್ದ, ಹೆಸರು ಹೇಳುವುದು ಬೇಕಿರಲಿಲ್ಲ.

ಇಂಪೀರಿಯಲ್‌ನಿಂದ ಬಂದ ಪಶುವೈದ್ಯೆ ಬಾಗಿಲಲ್ಲೇ ನಿಂತು ನೋಡಿದಳು.

"ಸೂಜಿ ಹಾಕ್ಸಿಲ್ವಾ ದೊನ್ ಹಿಲಾರಿಯೊ?"

"ಕಣಕ್ಕೆ ಹೋಗೋ ಹುಂಜಕ್ಕೆ ಹಾಕ್ಸ್ತಿದ್ದೆ. ಮೊಟ್ಟೆ ಇಡೋವಕ್ಕೆ ಚುಚ್ಚಿದ್ರೆ ಮೊಟ್ಟೆ ನಿಲ್ಲುತ್ತೆ ಅಂತ ನಮ್ಮಪ್ಪ ಹಾಕಿಸ್ತಿರಲಿಲ್ಲ."

ಅವಳು ಹಿತ್ತಲೊಳಗೆ ಇನ್ನೊಮ್ಮೆ ಕಣ್ಣಾಡಿಸಿದಳು. "ಈಗ ಔಷಧಿ ಅಂತ ಏನೂ ಇಲ್ಲ. ಉಳಿದಿರೋದನ್ನೂ ಇವತ್ತೇ ಕೊಂದು ಸುಣ್ಣ ಹಾಕಿ ಹೂಳಿ. ಅಕ್ಕಪಕ್ಕದವರ ಕೋಳಿಗಳಾದ್ರೂ ಉಳೀಲಿ. ಹೊಸದಾಗಿ ಯಾವುದಾದ್ರೂ ತಂದಿದ್ರಾ?"

ಹಿಲಾರಿಯೊ ಹುಂಜವನ್ನು ತೋರಿಸಿದ. ಅದು ತಟ್ಟಿಯ ಮೇಲೆ ಹತ್ತಿ ಕೂತು ಕೂಗುತ್ತಿತ್ತು.

"ಇದಕ್ಕೆ ಸೂಜಿ ಬಿದ್ದಿದೆ. ಅದಕ್ಕೇ ನಿಂತಿದೆ. ಆದ್ರೆ ರೋಗ ಒಳಗಿದೆ. ಇದು ಹೋದಲ್ಲೆಲ್ಲ ಬಿತ್ತುತ್ತೆ" ಎಂದಳು ವೈದ್ಯೆ.

ಅವನು ಆ ದಿನ ಕೊಲ್ಲಲಿಲ್ಲ. ಬೇರೆ ಬೇರೆ ಗೂಡು ಮಾಡಿದ, ಬೆಳ್ಳುಳ್ಳಿ ಅರೆದು ಕುಡಿಸಿದ, ನೆಲಕ್ಕೆ ಸುಣ್ಣ ಚೆಲ್ಲಿದ. ಒಂದೊಂದೇ ಬಿದ್ದವು. ಆ ಮೊಟ್ಟೆಗಳಿಗೆ ಕಾವು ಕೊಡಲು ಕೂರಿಸಿದ್ದ ನಾಟಿ ಕೋಳಿ ಅವುಗಳ ಮೇಲೆಯೇ ಸತ್ತಿತ್ತು. ಮಾಕ್ಸಿಮಾ ಒಂದು ಮೊಟ್ಟೆ ಒಡೆದು ನೋಡಿದಳು. ಒಳಗೆ ಮರಿ ರೆಕ್ಕೆ ಮೂಡುವಷ್ಟು ಬೆಳೆದು ತಣ್ಣಗಾಗಿತ್ತು. ಗಂಡನಿಗೆ ತೋರಿಸದೆ ಗುಂಡಿಗೆ ಹಾಕಿದಳು. ಕೊನೆಯ ಹೇಂಟೆ ಮಣ್ಣಿನಲ್ಲಿ ಸುತ್ತು ಸುತ್ತು ತಿರುಗುತ್ತಿದ್ದಾಗ ಹಿಲಾರಿಯೊನೇ ಅದನ್ನು ಎತ್ತಿ ಕತ್ತು ಎಳೆದ. ಆಮೇಲೆ ಗುಂಡಿಯ ಬದಿಯಲ್ಲಿ ಕೂತೇ ಇದ್ದ. ತಟ್ಟಿಯ ಮೇಲಿನಿಂದ ಹುಂಜ ಕೂಗಿತು.

ಆ ವಾರ ಪೇಟೆಯಲ್ಲಿ ಕಾಳಿನ ಅಂಗಡಿಯವನು ಕೇಳಿದ: "ನಿಮ್ಮಲ್ಲೂ ಬಂತಾ? ಆಗಸ್ಟ್‌ನಲ್ಲೇ ನಿಮ್ಮ ತಮ್ಮನ ಮನೇಲಿ ಗುಡಿಸಿಕೊಂಡು ಹೋಯ್ತಲ್ಲ."

ಹಿಲಾರಿಯೊ ಕಾಳು ತಗೊಳ್ಳದೆ ಮನೆಗೆ ಬಂದ, ಹುಂಜವನ್ನು ಅದೇ ಬಟ್ಟೆಯ ಚೀಲಕ್ಕೆ ತುರುಕಿ ಸಾನ್ ಲೂಯಿಸ್ ಬಸ್ಸು ಹತ್ತಿದ. "ನಾನೂ ಬರ್ತೀನಿ" ಎಂದಳು ಮಾಕ್ಸಿಮಾ. "ಬೇಡ" ಎಂದ.

ಸೆನೋಬಿಯೊ ಅಂಗಳದಲ್ಲಿ ಕೂತಿದ್ದ. ತುಂಬ ತೆಳ್ಳಗಾಗಿದ್ದ. ಹಿಂದೆ ಗೂಡುಗಳ ಸಾಲು, ಎಲ್ಲ ಬಾಗಿಲೂ ತೆರೆದಿದ್ದವು, ನೆಲವೆಲ್ಲ ಸುಣ್ಣದ ಬಿಳಿ. ಹಿಲಾರಿಯೊ ಚೀಲವನ್ನು ಅವನ ಕಾಲ ಬುಡದಲ್ಲಿಟ್ಟ.

"ಗೊತ್ತಿತ್ತಾ ನಿಂಗೆ?"

ಸೆನೋಬಿಯೊ ಚೀಲ ನೋಡಿದ, ಅಣ್ಣನನ್ನು ನೋಡಿದ. ಮುರಿದ ಹಲ್ಲಿನ ಸಂದಿನಿಂದ ಮಾತು ಸೀಟಿಯ ಹಾಗೆ ಬಂತು. "ಎಲ್ಲ ಸತ್ವು. ಇದೊಂದು ನಿಂತಿತ್ತು. ಎರಡು ವಾರ ನೋಡ್ದೆ, ಚೆನ್ನಾಗಿ ತಿಂತು. ತಪ್ಪಿಸ್ಕೊಂಡಿದೆ ಅನ್ಕೊಂಡೆ. ಇಲ್ಲಿದ್ರೆ ಇದೂ ಹೋಗುತ್ತೆ, ನಿನ್ನ ಹತ್ರ ಇದ್ರೆ ಉಳಿಯುತ್ತೆ ಅನ್ಕೊಂಡೆ."

"ಹೇಳಿ ಕಳಿಸ್ಬಹುದಿತ್ತು."

"ಹೇಳಿದ್ರೆ ನೀನು ತಗೋತಿದ್ಯಾ?"

ಹಿಲಾರಿಯೊ ತೆರೆದ ಗೂಡುಗಳ ಕಡೆ ತಿರುಗಿದ.

"ನೀನು ಒಂದು ತಿಂಗಳು ಬೇರೆ ಇಡ್ತೀಯ ಅಂತ ಇದ್ದೆ. ಅಪ್ಪ ಇಡ್ತಿದ್ರಲ್ಲ. ಯಾರ ಮನೆ ಕೋಳಿ ಬಂದ್ರೂ ಇಡ್ತಿದ್ರು" ಎಂದ ಸೆನೋಬಿಯೊ.

"ನಿನ್ನದು ಅಂತಲೇ ಬೇರೆ ಇಡ್ಲಿಲ್ಲ."

ಸೆನೋಬಿಯೊ ಕಾಲಿನಿಂದ ಸುಣ್ಣದ ನೆಲ ಕೆದಕಿದ. "ಎಷ್ಟು ಉಳಿದಿವೆ?"

"ಒಂದೂ ಇಲ್ಲ."

"ಕರಿಗಾಲಿನದು?"

"ಅದೇ ಮೊದಲು ಹೋಗಿದ್ದು."

ಒಳಗಿನಿಂದ ಎಲ್ವಿಯಾ ಬಾಗಿಲವರೆಗೆ ಬಂದು, ಇಬ್ಬರ ಮುಖ ನೋಡಿ, ಹಿಂದೆ ಸರಿದಳು. ಸೆನೋಬಿಯೊ ಬಗ್ಗಿ ಚೀಲದ ಬಾಯಿ ಬಿಚ್ಚಿದ. ಹುಂಜ ತಲೆ ಹೊರಹಾಕಿ ತನ್ನ ಹಳೆಯ ಅಂಗಳವನ್ನು ನೋಡಿತು. ಸೆನೋಬಿಯೊನ ದನಿ ತುಸು ಚುರುಕಾಯಿತು. "ಇದಿದೆಯಲ್ಲ, ಅಣ್ಣ. ಎಲ್ಲಾದ್ರೂ ಒಳ್ಳೆ ಹೇಂಟೆ ತರೋಣ. ಅದರ ಮಗಳನ್ನ ಇದಕ್ಕೇ ಬಿಟ್ರೆ ಮುಕ್ಕಾಲು ಪಾಲು ತಳಿ ಬರುತ್ತೆ. ಇನ್ನೊಂದು ಸಲ ಬಿಟ್ರೆ..."

"ಅಷ್ಟರಲ್ಲಿ ಇದು ಊರೆಲ್ಲ ಕೊಂದಿರುತ್ತೆ. ಡಾಕ್ಟರಮ್ಮ ಹೇಳಿದ್ಲು, ರೋಗ ಇದರ ಒಳಗೇ ಇದೆ."

"ಅವಳಿಗೇನು ಗೊತ್ತು?"

"ನನ್ನ ಹಿತ್ತಲು ನೋಡಿ ಬಾ, ಹೋಗು."

ಹಿಲಾರಿಯೊ ಹುಂಜವನ್ನು ಹೊರಗೆ ತೆಗೆದು ಕಂಕುಳಲ್ಲಿ ಹಿಡಿದ. ಬರುವಾಗ ಬಸ್ಸಿನಲ್ಲಿ ಅದನ್ನು ತಮ್ಮನ ಮುಖಕ್ಕೆ ಎಸೆದು ಬರಬೇಕು ಎಂದುಕೊಂಡಿದ್ದ. ಈಗ ಅದರ ಕತ್ತಿನ ಪುಕ್ಕ ಸವರುತ್ತ ನಿಂತ. ಅಪ್ಪ ಬದುಕಿದ್ದರೆ ಇಂಥ ಹುಂಜವನ್ನು ಮೆಚ್ಚಿಕೊಳ್ಳುತ್ತಿದ್ದ.

"ಕಾಲು ಹಿಡ್ಕೋ" ಎಂದ.

"ನನ್ನ ಕೈಲಾಗಲ್ಲ."

"ಹಿಡ್ಕೋ, ಸೆನೋಬಿಯೊ. ನನ್ನೊಬ್ಬನ ಕೈಲಿ ಮಾಡಿಸ್ಬೇಡ."

ಸೆನೋಬಿಯೊ ಎದ್ದು ಎರಡೂ ಕಾಲು ಹಿಡಿದ. ಅವನ ಹೆಬ್ಬೆರಳು ಸೀಳಿನ ಗುರುತಿನ ಮೇಲಿತ್ತು. ಹಿಲಾರಿಯೊ ಒಂದೇ ಸಲಕ್ಕೆ ಎಳೆದ. ರೆಕ್ಕೆಗಳು ಸ್ವಲ್ಪ ಹೊತ್ತು ಬಡಿದು ಇಬ್ಬರ ಅಂಗಿಗಳ ಮೇಲೆ ಸುಣ್ಣದ ಪುಡಿ ಎಬ್ಬಿಸಿದವು. ತೆರೆದಿದ್ದ ಗೂಡುಗಳ ಹಿಂದೆ ಗುಂಡಿ ತೋಡಿ ಹೂಳಿದರು. ಅಗೆದದ್ದು ಹಿಲಾರಿಯೊ; ಸೆನೋಬಿಯೊಗೆ ಉಸಿರು ಸಾಲುತ್ತಿರಲಿಲ್ಲ.

"ಊಟ ಮಾಡ್ಕೊಂಡು ಹೋಗು" ಎಂದ ತಮ್ಮ.

"ಬಸ್ಸಿದೆ" ಎಂದ ಅಣ್ಣ.

ಅದಾದ ಮೇಲೆ ಅವರು ಒಬ್ಬರನ್ನೊಬ್ಬರು ನೋಡಲಿಲ್ಲ. ದ್ವೇಷ ಇತ್ತೆಂದೂ ಹೇಳಲಾಗದು. ಎಲ್ವಿಯಾ ಎರಡು ಸಲ ಫೋನ್ ಮಾಡಿ ಅಪ್ಪನಿಗೆ ಹುಷಾರಿಲ್ಲ ಎಂದಳು. ಬರುತ್ತೇನೆ ಎಂದ ಹಿಲಾರಿಯೊ ಹೋಗಲಿಲ್ಲ. ಮುಂದಿನ ಚಳಿಗಾಲದಲ್ಲಿ ಸೆನೋಬಿಯೊ ಎದೆರೋಗದಿಂದ ತೀರಿಕೊಂಡ. ಮಂಜು ಕವಿದ ಬೆಳಗ್ಗೆ ಹಿಲಾರಿಯೊ ಶವಪೆಟ್ಟಿಗೆಗೆ ಹೆಗಲು ಕೊಟ್ಟ, ಸಮಾಧಿಯವರೆಗೂ ಹೆಗಲು ಬದಲಾಯಿಸಿಕೊಳ್ಳಲಿಲ್ಲ. ಅಲ್ಲಿ ಅಂಕದ ಶೋಕಿಯವರು ಬಹಳ ಜನ ಬಂದಿದ್ದರು. ಒಬ್ಬ ಪಕ್ಕಕ್ಕೆ ಬಂದು, ಯಾಕ್ತಾಯೊಗಳ ಕೋಳಿ ಎಲ್ಲಾದರೂ ಒಂದಾದರೂ ಇದೆಯೇ ಎಂದು ಮೆಲ್ಲಗೆ ಕೇಳಿದ. ಹಿಲಾರಿಯೊ ಇಲ್ಲ ಎಂದ. ಮನೆಗೆ ಬಂದ ಮೇಲೆ ಮಾಕ್ಸಿಮಾ ಮಾಡಿಟ್ಟ ಸಾರನ್ನು ಏನೂ ಆಗಿಲ್ಲವೆಂಬಂತೆ ಪೂರ್ತಿ ಉಂಡ. ಅದೇ ಅವಳಿಗೆ ಭಯ ಹುಟ್ಟಿಸಿತು.

ಹಿತ್ತಲಿನ ಗೂಡುಗಳಲ್ಲಿ ಈಗ ಮಾಕ್ಸಿಮಾ ಗಿನಿಹಂದಿ ಸಾಕಿದ್ದಾಳೆ. ಹಬ್ಬದ ಅಡುಗೆಗೆ ಬೇಕಾದವರು ಮನೆಗೇ ಬಂದು ಒಯ್ಯುತ್ತಾರೆ. ಬೆಳಗ್ಗೆ ಹೊಲದ ಬದಿಯಿಂದ ಕುದುರೆಮೆಂತೆ ಮೇವು ಕೊಯ್ದು ತಂದು ಹಾಕುವುದು ಹಿಲಾರಿಯೊನ ಕೆಲಸ. ಮೊನ್ನೆ ಅವಳು, ಬಿಳಿ ಪಟ್ಟಿಯದು ಮರಿ ಹಾಕಿದೆ, ಅದನ್ನು ಬೇರೆ ಗೂಡಿಗೆ ಹಾಕಿ ಎಂದಳು. ಪ್ರತಿ ಹೇಂಟೆಯ ತಾಯಿ ಅಜ್ಜಿಯರನ್ನೂ ಬಾಯಲ್ಲೇ ಹೇಳುತ್ತಿದ್ದ ಅವನು ಬಗ್ಗಿ ಸ್ವಲ್ಪ ಹೊತ್ತು ನೋಡಿ, ಯಾವುದು ಎಂದು ಕೇಳಿದ.