ನಾಮದ ಕಾರು

ಹೋದ ತಿಂಗಳು ಮಂಡ್ಯದ ಮೈದಾನವೊಂದರಲ್ಲಿ ಹಳೆಯ ಕಾರುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಕೊನೆಯಲ್ಲಿದ್ದ ಕಪ್ಪು ಕಾರಿನ ಹತ್ತಿರ ಇದ್ದವರು ನಾವು ಮೂವರೇ: ನಾನು, ನನ್ನ ಸೊಸೆ, ಗಾಜು ಒರೆಸುತ್ತಿದ್ದ ಅದರ ಮಾಲೀಕರು. ಅವರು ಬಾಗಿಲು ತೆರೆದರು. ಹಳೆಯ ಚರ್ಮದ ವಾಸನೆ ಬಂತು. ಅದರ ಅಡಿಯಲ್ಲೆಲ್ಲೋ ಹರಳೆಣ್ಣೆಯ ವಾಸನೆಯೂ ಇದ್ದ ಹಾಗೆ... ನನ್ನ ಕಾಲು ಅಲ್ಲೇ ನಿಂತಿತು.

“ಫ್ರಾನ್ಸ್ ದೇಶದ್ದಮ್ಮ,” ಎಂದರು ಅವರು. “ನನಗೆ ಸಿಕ್ಕಾಗ ಮೂತಿಯ ಮೇಲಿನ ಕಂಪನಿ ಗುರುತನ್ನ ಯಾರೋ ಪುಣ್ಯಾತ್ಮ ತಲೆಕೆಳಗೆ ಮಾಡಿ ಬಿಗಿದುಬಿಟ್ಟಿದ್ದ. ಎಲ್ಲಾ ಸರಿ ಮಾಡಿಸಿದೆ.”

ಆ ಪುಣ್ಯಾತ್ಮ ನನಗೆ ಗೊತ್ತು.

ಎಪ್ಪತ್ತರ ದಶಕದಲ್ಲಿ ನಾನು ಮಳವಳ್ಳಿಯ ಹೈಸ್ಕೂಲಿಗೆ ಟೀಚರಾಗಿ ಬಂದಾಗ ಆ ಪುಣ್ಯಾತ್ಮ ನನ್ನ ಪಕ್ಕದ ಮನೆಯವರು. ಶಿವನಸಮುದ್ರದ ಕರೆಂಟು ಮನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಆ ಮನೆಯಿಂದ ಮನುಷ್ಯರ ಮಾತು ಕೇಳಿಬರುತ್ತಿರಲಿಲ್ಲ, ಸ್ಪ್ಯಾನರನ್ನು ಕಲ್ಲಿನ ಮೇಲೆ ಇಟ್ಟ ಸದ್ದು ಮಾತ್ರ. ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ. ಹಾಗೆ ಕರೆಸಿಕೊಂಡ ಮೊದಲ ದಿನ ಅವರು ಎದ್ದು ಒಳಗೆ ಹೋಗಿದ್ದರು. ಯಾಕೆಂದು ಆಮೇಲೆ ತಿಳಿಯಿತು.

ಅವರಿಗೆ ಒಬ್ಬಳೇ ತಂಗಿ, ಮದ್ದೂರಿನ ಹತ್ತಿರ ಶಿವಪುರಕ್ಕೆ ಕೊಟ್ಟದ್ದು. ತಂದೆ ಇಲ್ಲದ ಹುಡುಗಿಗೆ ಅಣ್ಣನೇ ನಿಂತು ಧಾರೆ ಎರೆಯಬೇಕಿತ್ತು. ಮುಹೂರ್ತದ ಬೆಳಿಗ್ಗೆ ಕರೆಂಟು ಮನೆಯಲ್ಲಿ ಒಂದು ಚಕ್ರ ನಿಂತುಹೋಯಿತು, ಇವರು ಬಿಟ್ಟು ಬರಲಿಲ್ಲ. ಬರುವ ಹೊತ್ತಿಗೆ ಚಿಕ್ಕಪ್ಪ ಧಾರೆ ಎರೆದಾಗಿತ್ತು, ಎಂಜಲೆಲೆ ಎತ್ತುತ್ತಿದ್ದರು. “ನಿಂಗೆ ಕರೆಂಟೇ ತಂಗಿ ಕಣಣ್ಣ, ಅದ್ನೇ ಸಾಕು,” ಅಂದಳಂತೆ ಮದುವಣಗಿತ್ತಿ. ಅಂದಿನಿಂದ ಪ್ರತಿ ವರ್ಷ ಇವರು ಗೌರಿ ಹಬ್ಬಕ್ಕೆ ಯಾರ ಕೈಲಾದರೂ ಕಳಿಸುತ್ತಿದ್ದ ತವರಿನ ಬಾಗಿನ, ಮುಚ್ಚಿದ ಮೊರ ಮುಚ್ಚಿದಂತೆಯೇ ಹಿಂದಕ್ಕೆ ಬರುತ್ತಿತ್ತು.

ಆ ಕಾರು ಶಿವನಸಮುದ್ರದ ಹಳೆಯ ಬಂಗಲೆಯೊಂದರ ಶೆಡ್ಡಿನಲ್ಲಿ ಬಿದ್ದಿತ್ತು, ಕೋಳಿಗಳು ಅದರೊಳಗೆ ಮೊಟ್ಟೆ ಇಡುತ್ತಿದ್ದವು. ಬಂಗಲೆ ಖಾಲಿ ಮಾಡುವಾಗ ಇವರು ಎತ್ತು ಕಟ್ಟಿಸಿ ಎಳೆಸಿಕೊಂಡು ಬಂದರು. ವರ್ಷಗಟ್ಟಲೆ ಬಿಚ್ಚಿದರು, ಉಜ್ಜಿದರು, ಜೋಡಿಸಿದರು. ಸೀಟಿಗೆ ಹರಳೆಣ್ಣೆ ತಿಕ್ಕಿದರು. ಅದರಲ್ಲಿ ತಾವೇ ಹೋಗಿ ಬಾಗಿನ ಕೊಟ್ಟು, ತಂಗಿಯನ್ನು ಕೂರಿಸಿಕೊಂಡು ತವರಿಗೆ ಕರೆತರಬೇಕು. ಅವರಿಗಿದ್ದ ಆಸೆ ಅದೊಂದೇ.

ಕಾರಿನ ಮುಂದಿನ ಜಾಲರಿಗೆ ಹಾಕುವ, ನಡುವೆ ಮಡಿಸಿದಂತಿದ್ದ ಎರಡು ಬಿಳಿ ಪಟ್ಟಿಗಳು ಬೇರೆಯಾಗಿ ಸಿಕ್ಕಿದ್ದವು. ಅಂದಾಜಿನ ಮೇಲೆ ತೂತು ಕೊರೆದು, ಚೂಪು ತುದಿ ಕೆಳಗೆ ಮಾಡಿ ಬಿಗಿದರು. ಒಂದರೊಳಗೊಂದು ಕೂತು ಥೇಟ್ ಅಯ್ಯಂಗಾರರ ನಾಮದ ಹಾಗೆ ಕಂಡಿತು. ಎದುರುಮನೆಯಲ್ಲಿದ್ದ ಅವರ ಗೆಳೆಯ ಬಿಡುತ್ತಾನೆಯೇ?

“ಆ ಪ್ರಾನ್ಸಿನೋನು ನಿಂಗೆ ಸರ್ಯಾಗಿ ನಾಮ ಇಟ್ಟವ್ನೆ ಕಣ್ಲಾ.”

“ಇಡ್ಲಿ ಬುಡ್ಲಾ. ನಿಂಗೆ ಇಡಾಕೆ ಅಷ್ಟು ದೂರದಿಂದ ಯಾರೂ ಬರಕಿಲ್ಲ.”

ಊರಿಗೆಲ್ಲ ಅದು ನಾಮದ ಕಾರಾಯಿತು.

ಮಂಡ್ಯದ ಲೈಬ್ರರಿಯ ಹಳೆಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಆ ಕಾರು ಮಾಡಿದವನ ಕಥೆ ನನ್ನ ಕಣ್ಣಿಗೆ ಬಿತ್ತು. ಬರೆದುಕೊಂಡು ಬಂದು ಒಂದು ಭಾನುವಾರ ಜಗಲಿಯಲ್ಲಿ ಕೂತು ಕನ್ನಡದಲ್ಲಿ ಹೇಳಿದೆ. ಅವನು ಹರೆಯದಲ್ಲಿ ಪೋಲೆಂಡಿಗೆ ಹೋಗಿದ್ದಾಗ ಮೀನಿನ ಮುಳ್ಳಿನಂತೆ ಹಲ್ಲು ಕೊರೆದ ಗಿರಣಿಯ ಚಕ್ರಗಳನ್ನು ನೋಡಿದ. ಅಂಥವನ್ನೇ ಉಕ್ಕಿನಲ್ಲಿ ಮಾಡಿ ಹೆಸರಾದ, ಆ ಹಲ್ಲಿನ ಆಕಾರವನ್ನೇ ತನ್ನ ಕಾರಿನ ಗುರುತು ಮಾಡಿಕೊಂಡ.

“ಆ ಹಲ್ಲಿನ ಚಕ್ರ ಸದ್ದೇ ಮಾಡಕಿಲ್ಲ ಟೀಚರಮ್ಮ,” ಎಂದರು ಅವರು, ಆ ಮನುಷ್ಯನನ್ನು ಕಂಡವರಂತೆ.

ಮುಂದೆ ಅವನು ಪ್ಯಾರಿಸ್ಸಿನ ದೊಡ್ಡ ಗೋಪುರದ ಮೇಲೆ ವಿದ್ಯುದ್ದೀಪಗಳಲ್ಲಿ ತನ್ನ ಹೆಸರು ಬರೆಸಿದ. ಊರಿಗೆಲ್ಲ ಕಾಣುವ ಹೆಸರು. ಕೊನೆಗೆ ಕಾರ್ಖಾನೆ ಮುಳುಗಿ ಬೇರೆಯವರ ಪಾಲಾಯಿತು. ಹೆಚ್ಚು ದಿನ ಕಳೆಯದೆ ಅವನೂ ಹೋದ, ಗೋಪುರದ ದೀಪವೂ ಹೋಯಿತು.

ಅವರು ಕೈಯ ಎಣ್ಣೆ ಒರೆಸಿಕೊಂಡರು. ಆಮೇಲೆ ಕೇಳಿದರು. “ಆ ದೀಪ ಉರೀತಿದ್ದಾಗ ಅವ್ನ ಮನೇಲಿ ಯಾರ್ ಯಾರಿದ್ರು?”

“ಅದು ಬರೆದಿಲ್ಲ ಅಣ್ಣ.”

“ಅದ್ನ ಯಾರೂ ಬರೆಯಕಿಲ್ಲ ಬುಡಿ.”

ಪತ್ರಿಕೆಯಲ್ಲಿ ಒಂದು ಚಿತ್ರವೂ ಇತ್ತು. ಪಟ್ಟಿಗಳ ಚೂಪು ತುದಿ ಮೇಲಕ್ಕಿರಬೇಕು, ಗುಡಿಸಲಿನ ಸೂರಿನ ಹಾಗೆ. ಅದನ್ನು ಮಾತ್ರ ನಾನು ಹೇಳಲಿಲ್ಲ. ಗೌರಿ ಹಬ್ಬಕ್ಕೆ ನಾಲ್ಕೇ ದಿನವಿತ್ತು, ಮತ್ತೆ ಬಿಚ್ಚಲು ಕೂತರೆ...

ಹೆಂಗಸೊಬ್ಬಳು ಜೊತೆಗಿದ್ದರೆ ತಂಗಿ ಬಾಗಿಲು ಹಾಕಲಾರಳು ಎಂದು ನನ್ನನ್ನೂ ಕರೆದರು. ಮೊರದ ಬಾಗಿನ ತೊಡೆಯ ಮೇಲಿಟ್ಟುಕೊಂಡು ಕೂತೆ. ಕಬ್ಬಿನ ಗದ್ದೆಗಳ ನಡುವೆ ಹಾದು ಕಾರು ಮದ್ದೂರು ದಾಟಿತು. ಶಿವಪುರದ ಆ ಮನೆಯ ಮುಂದೆ ಕಾರು ನಿಲ್ಲಿಸಿದರು, ಇಳಿಯಲು ಮಾತ್ರ ಅವರಿಗೆ ಆಗಲಿಲ್ಲ. ಸದ್ದಿಗೆ ತಂಗಿಯೇ ಹೊರಗೆ ಬಂದಳು. ಅಣ್ಣನನ್ನು ನೋಡಿದಳು, ಮುಖ ತಿರುಗಿಸಿದಳು. ತಿರುಗಿಸುವಾಗ ಕಾರಿನ ಮೂತಿ ಕಣ್ಣಿಗೆ ಬಿತ್ತು.

“ಏನಣ್ಣ ಇದು, ಕಾರ್‌ಗೂ ನಾಮ ಇಟ್ಬುಟ್ಟಿದ್ದೀಯಾ? ಧಾರೆ ದಿನ ನಂಗಿಟ್ಟಿದ್ದು ಸಾಲ್ದಾಯ್ತಾ?”

ಅಂದವಳು ತಾನೇ ನಕ್ಕಳು. ನಗುತ್ತಾ ನಗುತ್ತಾ ಸೆರಗು ಕಣ್ಣಿಗೆ ಹೋಯಿತು. ಬಾಗಿನ ತೆಗೆದುಕೊಂಡಳು. ಕಾರು ಹತ್ತು ಎಂದು ಅಣ್ಣ ಕರೆದಾಗ ಆಗದೆಂದು ತಲೆಯಾಡಿಸಿದಳು. “ಗೌರಿ ಕೂರ್ಸಿವ್ನಿ, ಬುಟ್ಟು ಬರಂಗಿಲ್ಲ. ಮುಂದ್ಲ ವರ್ಸ ಅಬ್ಬದ ಮುಂಚೇನೇ ಬಾ. ಇದ್ರಲ್ಲೇ ತವರ್ಗೆ ಬತ್ತೀನಿ.”

ವಾಪಸು ಬರುವಾಗ ತಡೆಯಲಾರದೆ ಚಿತ್ರದ ವಿಷಯ ಹೇಳಿದೆ. ಅವರು ಗೇರು ಬದಲಿಸಿದರು. “ಇರ್ಲಿ ಬುಡಿ ಟೀಚರಮ್ಮ. ನೆಟ್ಟಗಿದ್ದಿದ್ರೆ ಅವ್ಳು ನಗ್ತಿರ್ಲಿಲ್ಲ.”

ಮರುವರ್ಷದ ಹಬ್ಬ ಅವರಿಗೆ ಬರಲಿಲ್ಲ. ಬೇಸಿಗೆಯ ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಜಗಲಿಯಲ್ಲಿ ಕೂತವರು ಏಳಲಿಲ್ಲ. ಸುದ್ದಿ ಕೇಳಿ ತಂಗಿ ಬಸ್ಸಿನಲ್ಲಿ ಬಂದಳು. ತಿಥಿ ಮುಗಿದ ದಿನ ಒಬ್ಬಳೇ ಕಾರು ನಿಂತಿದ್ದ ಶೆಡ್ಡಿಗೆ ಹೋಗಿ, ಓಡಿಸುವವರ ಪಕ್ಕದ ಸೀಟಿನಲ್ಲಿ ಸೀರೆ ಸರಿಮಾಡಿಕೊಂಡು ಕೂತಳು. ಬಾಗಿಲು ಹಾಕಿಕೊಂಡು, ಕೈ ಮಡಿಲಲ್ಲಿಟ್ಟುಕೊಂಡು, ಹೊರಡುವುದನ್ನು ಕಾಯುವವಳ ಹಾಗೆ. ಎಷ್ಟೋ ಹೊತ್ತಿನ ಮೇಲೆ ಇಳಿದು ನನ್ನ ಹತ್ತಿರ ಕುಂಕುಮ ಕೇಳಿದಳು. ಎರಡು ಬಿಳಿ ಪಟ್ಟಿಗಳ ನಡುವೆ ಬೆರಳಿಂದ ಒಂದು ಕೆಂಪು ಗೆರೆ ಎಳೆದಳು. “ನಾಮ ಅಂದ್ಮೇಲೆ ನಡುವೆ ಕೆಂಪು ಬ್ಯಾಡ್ವಾ,” ಅಂದಳು, ಯಾರಿಗೋ ಹೇಳುವಂತೆ. ಸಂಜೆಯ ಬಸ್ಸಿಗೆ ಊರಿಗೆ ಹೋದಳು. ಆಮೇಲೆ ನನಗೂ ವರ್ಗವಾಯಿತು, ಕಾರು ಯಾರ ಪಾಲಾಯಿತೋ ತಿಳಿಯಲಿಲ್ಲ. ಆ ತಂಗಿ ಈಗ ಇದ್ದಾಳೋ ಇಲ್ಲವೋ...

ಮಂಡ್ಯದ ಮೈದಾನದಲ್ಲಿ ಆ ಪಟ್ಟಿಗಳು ಈಗ ನೆಟ್ಟಗಿದ್ದವು, ಚಿತ್ರದಲ್ಲಿ ಇದ್ದ ಹಾಗೆಯೇ. ಬಗ್ಗಿ ನೋಡಿದೆ. ಜಾಲರಿಯ ಅಂಚಿನಲ್ಲಿ ಅಣ್ಣ ಕೊರೆದಿದ್ದ ಹಳೆಯ ತೂತುಗಳನ್ನು ಮುಚ್ಚಿ ಬಣ್ಣ ಬಳಿದ ಎರಡು ಚುಕ್ಕೆ ಕಂಡವು. ಅವುಗಳ ಮೇಲೆ ಬೆರಳಿಟ್ಟೆ.

“ಮುಟ್ಟಬೇಡಿ ಅಮ್ಮ, ಕಲೆಯಾಗುತ್ತೆ,” ಎಂದರು ಮಾಲೀಕರು.

ಕೈ ತೆಗೆದೆ. ಅವರು ಬಟ್ಟೆ ತಂದು ಆ ಜಾಗವನ್ನು ಒರೆಸಿದರು.