ಮೊದಲ ಪದ ಅಳಿಸುವ ಕಾಮತರು

ಮಲೇಷ್ಯಾದ ಕನ್ನಡಿಗರು ಪ್ರಶ್ನೆ ಕೇಳುವ ಆನ್‌ಲೈನ್ ವೇದಿಕೆಯೊಂದಿದೆ. ಅಲ್ಲಿ ಶೀರ್ಷಿಕೆಗಳನ್ನು ತಿದ್ದುವವರು ಸುಬಾಂಗ್ ಜಯಾದ ಕಾಮತರು. ಎರಡು ಹೊತ್ತೂ ಹೋಟೆಲಿನಿಂದ ತಪಾವ್, ಅಂದರೆ ಪಾರ್ಸೆಲ್ ಊಟ, ಕಟ್ಟಿಸಿಕೊಂಡು ಬಂದು, ಕಂಪ್ಯೂಟರಿನ ಮುಂದೆಯೇ ಒಬ್ಬರೇ ಉಣ್ಣುತ್ತಾರೆ. ಯಾರಾದರೂ ವೀಸಾ ವಿಭಾಗದಲ್ಲಿ ‘ವೀಸಾ: ಅಮ್ಮನನ್ನು ಕರೆಸುವುದು ಹೇಗೆ?’ ಎಂದು ಬರೆದರೆ, ಅವರ ತುತ್ತು ಬಾಯಿಗೆ ಹೋಗುವ ಮೊದಲೇ ಆ ‘ವೀಸಾ’ ಮಾಯವಾಗಿರುತ್ತದೆ. “ಇದ್ರೆ ಹುಡುಕೋಕೆ ಸುಲಭ ಅಲ್ವಾ ಸರ್?” ಎಂದು ನಾನೇ ಒಮ್ಮೆ ಕೇಳಿ ಬೈಸಿಕೊಂಡಿದ್ದೇನೆ. “ವಿಭಾಗ ಮೇಲೆಯೇ ಉಂಟಲ್ಲ ಮಾರಾಯ್ರೆ! ಒಂದೇ ಮಾತು ಎಷ್ಟು ಸಲ ಹೇಳುವುದು?” ಅಲ್ಲಿನ ತಮಿಳು ಮುಸ್ಲಿಮರ ಮಮಾಕ್ ಹೋಟೆಲಿನ ತಿಂಡಿಪಟ್ಟಿಯಲ್ಲಿ ‘ರೊಟ್ಟಿಗಳು’ ಎಂಬ ತಲೆಬರಹದ ಕೆಳಗೆ ಮತ್ತೆ ‘ರೋಟಿ ಚನಾಯ್’ ಎಂದು ಕಂಡರೂ ಅವರ ಬೆರಳು ಅಳಿಸಲು ತವಕಿಸುತ್ತದೆ. ಹೆಂಡತಿ ವಿನುತಾ ಹೇಳಿದ್ದನ್ನೇ ಎರಡನೇ ಸಲ ಹೇಳಲು ಹೊರಟರೆ “ಕೇಳಿಸ್ತು” ಎಂದು ಕೈಯೆತ್ತಿ ತಡೆಯುತ್ತಿದ್ದರು. ಇಂದು ಇಡೀ ವೇದಿಕೆಯಲ್ಲಿ ವಿಭಾಗದ ಹೆಸರು ಉಳಿದಿರುವ ಶೀರ್ಷಿಕೆ ಒಂದೇ ಒಂದು: ‘ಆರೋಗ್ಯ: ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡರೆ ಯಾವ ಡಾಕ್ಟರಿಗೆ ತೋರಿಸಬೇಕು?’ ಕೇಳಿದವರು ವಿನುತಾ ಕಾಮತ್. ಪಕ್ಕದ ಕೋಣೆಯಲ್ಲಿ ಕೂತು ಆಕೆ ಅದನ್ನು ಬರೆದ ದಿನ, ಕೇಳಿದವರು ಯಾರೆಂದು ನೋಡದೆಯೇ ಕಾಮತರು ‘ಆರೋಗ್ಯ’ವನ್ನು ಅಳಿಸಿ ಮುಂದಿನ ಪ್ರಶ್ನೆಗೆ ಹೋಗಿದ್ದರು. ತಿದ್ದಿದ ದಿನಾಂಕ, ಸಮಯಗಳು ಪ್ರಶ್ನೆಯ ಕೆಳಗೆ ಈಗಲೂ ಇವೆ. ಅಳಿಸಿದ್ದು ಆಕೆ ಕೇಳಿದ ಎರಡೇ ನಿಮಿಷಕ್ಕೆ. ಮರಳಿ ಸೇರಿಸಿದ್ದು ಆಕೆಯ ವೈಕುಂಠ ಸಮಾರಾಧನೆಯ ಮಾರನೆಯ ದಿನ.